ಹೆಪ್ಪುಗಟ್ಟಿದ ಬ್ಯಾಟರಿ

ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಸತ್ತಿತ್ತು.

ಗೋದಾಮಿನಲ್ಲಿ ನಿಂತ, ಒಳಗೇ ಮಲಗಬಹುದಾದ ಬಿಳಿ ಕ್ಯಾರವಾನ್ ಗಾಡಿಯ ಹಿಂಬದಿಯಲ್ಲಿ, ಹಾಸಿಗೆಯ ಕೆಳಗೆ, ಹೊರಗಿನಿಂದ ತೆರೆಯುವ ಒಂದು ಗೂಡಿದೆ. ಇನ್ಸ್‌ಪೆಕ್ಟರ್ ಮೊಗಾಮಿ ಅದರೊಳಗೆ ಟಾರ್ಚ್ ಬೆಳಕು ಬಿಟ್ಟಳು. ಕಪ್ಪು ಪೆಟ್ಟಿಗೆಯ ಒಂದು ಪಕ್ಕೆ ಮೇಲಿಂದ ಕೆಳಗೆ ಸೀಳಿತ್ತು. ಸೀಳಿನಲ್ಲಿ ಮಂಜುಗಡ್ಡೆ ಹಲ್ಲು ಕಿರಿಯುತ್ತಿತ್ತು.

"ಮುಟ್ಟಬೇಡ," ಅಂದಳು. "ಒಳಗಿರೋದು ಆಸಿಡ್ಡು. ಕರಗಿದ್ರೆ ಕೈ ಹೋಗುತ್ತೆ."

"ನನ್ನ ಕೈ ಆಗ್ಲೇ ಹೋಗಿದೆ ಮೊಗಾಮಿ ಸಾನ್," ಅಂದ ಕಾನ್‌ಸ್ಟೇಬಲ್ ಕಿಡೊ. "ಗ್ಲೌಸಿನೊಳಗೆ ಏನಾದ್ರೂ ಉಳಿದಿದ್ಯಾ ಅಂತ ನೀವೇ ನೋಡಿ ಹೇಳಿ."

ಮೊನ್ನೆ ಬೆಳಿಗ್ಗೆ ಈ ಗಾಡಿಯ ಹಾಸಿಗೆಯ ಮೇಲೆ ಸುನಾಗಾವಾ ಮೇಷ್ಟ್ರ ಹೆಣ ಸಿಕ್ಕಿತ್ತು. ಕಿಟಕಿ ಬಾಗಿಲು ಬಿಗಿದುಕೊಂಡು, ಗ್ಯಾಸ್ ಹೀಟರ್ ಹಚ್ಚಿ ಮಲಗಿದ ಮನುಷ್ಯ ವಿಷಗಾಳಿ ಕುಡಿದು ಏಳಲೇ ಇಲ್ಲ.

ನಮ್ಮೂರ ಲೆಕ್ಕದಲ್ಲಿ ಮೇಷ್ಟ್ರು ಈ ಚಳಿಗಾಲವಿಡೀ ದಕ್ಷಿಣದಲ್ಲಿ, ಕ್ಯೂಶುವಿನ ಮಗಳ ಮನೆಯಲ್ಲಿ, ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಹೆಂಡತಿ ತೊಕಿಯೆ ಎಲ್ಲರಿಗೂ ಹಾಗೇ ಹೇಳಿದ್ದಳು. ಪೊಲೀಸರಿಗೂ ಅದನ್ನೇ ಹೇಳಿದಳು: ಎಲೆ ಉದುರೋ ಕಾಲದಲ್ಲಿ ಹೋದವರು, ಆಮೇಲೆ ಅವರ ಮುಖ ನೋಡಿಲ್ಲ. ಪೊಲೀಸರು ಮಗಳಿಗೆ ಫೋನ್ ಮಾಡಿದರೆ, ಅಪ್ಪ ಬರುತ್ತೇನೆ ಅಂತಲೂ ಅಂದಿರಲಿಲ್ಲ ಅಂದಳು.

ಊರಿನ ಅರ್ಧ ಮಕ್ಕಳಿಗೆ ಪಾಠ ಹೇಳಿದ ಹೆಡ್‌ಮಾಸ್ಟರ್ ತನ್ನೂರಲ್ಲೇ, ತನ್ನ ಮನೆಯಿಂದ ಕೂಗಳತೆ ದೂರದಲ್ಲಿ, ಈರುಳ್ಳಿ ಗೋದಾಮಿನ ಕತ್ತಲಲ್ಲಿ ಇಲಿಯ ಹಾಗೆ ಬದುಕುತ್ತಿದ್ದ. ಯಾಕೆ ಮನೆ ಬಿಟ್ಟ ಅನ್ನೋದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೇಳುತ್ತಿಲ್ಲ.

ಉತ್ತರದ ತುದಿಯ ನಮ್ಮ ಕಿತಾಮಿಯ ಕಡೆ ಈರುಳ್ಳಿ ಮಾರಿ ಮುಗಿಸಿದ ಮೇಲೆ ಗೋದಾಮುಗಳು ಖಾಲಿ ಬೀಳುತ್ತವೆ. ಹಿಮದಲ್ಲಿ ಓಡಿಸಲಾಗದ ಕ್ಯಾರವಾನುಗಳನ್ನು ಜನ ಅಲ್ಲಿ ತಂದು ಮಲಗಿಸುತ್ತಾರೆ. ಈ ಗೋದಾಮಿನ ಒಡತಿ ಕಾಮಾದಾ ಫುಮಿ. ಹೆಣ ನೋಡಿ ಫೋನ್ ಮಾಡಿದವಳೂ ಅವಳೇ.

ಇವತ್ತು ಸಂಜೆಯೊಳಗೆ ಅವಳನ್ನು ಠಾಣೆಗೆ ಕರೆದುಕೊಂಡು ಬಾ ಅಂತ ಮೇಲಿನವರು ಮೊಗಾಮಿಗೆ ಹೇಳಿದ್ದಾರೆ. ಹಾಸಿಗೆಯ ತಲೆಯ ಮೇಲೆ ವಿಷಗಾಳಿ ಕಂಡರೆ ಕೂಗಿಕೊಳ್ಳುವ ಅಲಾರಂ ಇತ್ತು. ಅದು ಕೂಗಲಿಲ್ಲ. ಕರೆಂಟಿರಲಿಲ್ಲ. ಕರೆಂಟು ಕೊಡಬೇಕಾದ ಬ್ಯಾಟರಿ ಈ ಸ್ಥಿತಿಯಲ್ಲಿತ್ತು. ಚಳಿಗಾಲದಲ್ಲಿ ಗೋದಾಮಿನ ಗಾಡಿಗಳ ಬ್ಯಾಟರಿ ನೋಡಿಕೊಳ್ಳುವ ಹೊಣೆ ಫುಮಿಯದು.

"ಚಳಿಗೆ ಒಡೀತು," ಅಂದ ಕಿಡೊ. "ಇದ್ರಲ್ಲಿ ತನಿಖೆ ಮಾಡೋಕೆ ಏನಿದೆ?"

"ಚಳಿಗೆ ಒಡೆಯೋದಾದ್ರೆ ನಿನ್ನ ಜೀಪಿನದ್ದು ಯಾಕೆ ಒಡೀಲಿಲ್ಲ? ರಾತ್ರಿಯಿಡೀ ಬಯಲಲ್ಲೇ ನಿಂತಿತ್ತಲ್ಲ."

ಕಿಡೊ ಹೊರಗೆ ನಿಂತ ಜೀಪಿನ ಕಡೆ ತಿರುಗಿ ನೋಡಿದ.

"ತುಂಬಿದ ಬ್ಯಾಟರಿ ನಮ್ಮ ಚಳಿಗೆ ಬಗ್ಗಲ್ಲ. ಖಾಲಿ ಆದ್ರೆ ಮಾತ್ರ ಒಳಗಿನ ಆಸಿಡ್ಡು ಹೆಚ್ಚುಕಡಿಮೆ ನೀರಾಗುತ್ತೆ. ನೀರು ಹೆಪ್ಪುಗಟ್ಟಿದ್ರೆ ಪೆಟ್ಟಿಗೆ ಸೀಳುತ್ತೆ. ಯಾರೋ ಇದನ್ನ ಕೊನೇ ತೊಟ್ಟಿನವರೆಗೆ ಹೀರಿದಾರೆ. ಮತ್ತೆ ತುಂಬಿಸಿಲ್ಲ."

ಅವಳು ಅಕ್ಕಪಕ್ಕದ ಗಾಡಿಗಳ ಗೂಡುಗಳನ್ನೂ ತೆರೆದು ನೋಡಿದಳು. ಒಂದರಲ್ಲೂ ಬ್ಯಾಟರಿ ಇರಲಿಲ್ಲ. ತಂತಿಗಳ ತುದಿಗೆ ಬಟ್ಟೆ ಸುತ್ತಿ, ದಾರ ಕಟ್ಟಿ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಇಟ್ಟಿದ್ದರು. ಎಲ್ಲ ಗಾಡಿಯದನ್ನೂ ಬಿಚ್ಚಿಟ್ಟವಳು ಇದೊಂದನ್ನೇ ಯಾಕೆ ಬಿಟ್ಟಳು?

ಮೊಗಾಮಿ ಬಗ್ಗಿ ಒಡೆದ ಪೆಟ್ಟಿಗೆಯ ಮೇಲ್ಭಾಗವನ್ನು ಇನ್ನೊಮ್ಮೆ ನೋಡಿದಳು. ಮೂಲೆಯಲ್ಲಿ ಒಣಗಿದ ಕೆಸರಿತ್ತು. ಕೆಸರಿನಲ್ಲಿ ಈರುಳ್ಳಿ ಸಿಪ್ಪೆ ಅಂಟಿತ್ತು. ಕ್ಯಾರವಾನಿನ ಬ್ಯಾಟರಿಗೆ ಹೊಲದ ಕೆಸರು ಅಂಟಲ್ಲ.

"ಇದು ಈ ಗಾಡಿದಲ್ಲ," ಅಂದಳು. "ಟ್ರ್ಯಾಕ್ಟರಿಂದು."

ಫುಮಿಯ ಮನೆ ಗೋದಾಮಿನ ಹಿಂದೆಯೇ. ಹಿಮ ತೆಗೆದ ದಾರಿಯಲ್ಲಿ ಇಬ್ಬರೂ ನಡೆದರು. ಕಿಡೊ ಹಿಂದೆ ಬಿದ್ದಿದ್ದ.

"ಮೊಗಾಮಿ ಸಾನ್."

"ಹೂಂ."

"ಮೇಷ್ಟ್ರನ್ನ ನಾನು ನೋಡಿದ್ದೆ. ಹೊಸ ವರ್ಷ ಆದ ಮೇಲೆ. ಪಕ್ಕದೂರಿನ ಸೂಪರ್ ಮಾರ್ಕೆಟ್ಟಲ್ಲಿ. ಬುಟ್ಟಿ ತುಂಬ ಸಣ್ಣ ಗ್ಯಾಸ್ ಡಬ್ಬಿ ಹಾಕ್ಕೊಂಡಿದ್ರು. ನನ್ನ ಕಂಡು ನೂಡಲ್ಸ್ ಕಪಾಟಿನ ಹಿಂದೆ ಹೋಗಿ ನಿಂತರು."

"ನೀನೇನು ಮಾಡ್ದೆ?"

"ಮೊಸರಿನ ಡಬ್ಬಿ ಕೈಲಿ ಹಿಡ್ಕೊಂಡು ಓದ್ತಾ ನಿಂತೆ, ಅವರು ಹೋಗೋವರೆಗೂ." ಕಿಡೊ ಬೂಟಿನಲ್ಲಿ ಹಿಮ ಒದ್ದ. "ನನಗೆ ಮೊಸರು ಸೇರಲ್ಲ. ತಗೊಂಡು ಬಂದೆ."

"ಇದನ್ನ ಮೊನ್ನೇನೇ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳೋದು ಹೇಳಿ. ಐದನೇ ಕ್ಲಾಸಲ್ಲಿ ಅವರು ನನ್ನ ಹೆಗಲ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ರು. ಅಂಥವರು ನನಗೆ ಹೆದರಿ ಬಚ್ಚಿಟ್ಕೊಂಡ್ರು ಅಂತ ಯಾವ ಬಾಯಲ್ಲಿ ಹೇಳ್ಲಿ?"

ನಮ್ಮೂರಲ್ಲಿ ಇದಕ್ಕೆ ಮರ್ಯಾದೆ ಅನ್ನುತ್ತಾರೆ. ಒಬ್ಬ ಬೀಳೋದನ್ನ ನೋಡಿದರೆ ಬೇರೆ ಕಡೆ ತಿರುಗಬೇಕು. ಕೈ ಕೊಟ್ಟರೆ ಅವನು ಬಿದ್ದದ್ದು ನಿನಗೆ ಗೊತ್ತು ಅಂತಾಗುತ್ತೆ, ಅದು ಅವನಿಗೆ ಬೀಳೋದಕ್ಕಿಂತ ಹೆಚ್ಚಿನ ಅವಮಾನ. ಅದಕ್ಕೇ ಇಲ್ಲಿ ಬಿದ್ದವನು ಬಿದ್ದಲ್ಲೇ ಇರುತ್ತಾನೆ. ಸುತ್ತ ಎಲ್ಲರೂ ಮೊಸರಿನ ಡಬ್ಬಿ ಓದುತ್ತಿರುತ್ತಾರೆ.

ಬಾಗಿಲು ಬಡಿಯುವ ಮೊದಲೇ ಫುಮಿ ತೆರೆದಳು. ಮುದುಕಿ, ಆದರೆ ತೋಳುಗಳು ಮೂಟೆ ಎತ್ತಿದ ತೋಳುಗಳು. ಬಗ್ಗಿ ನಮಸ್ಕರಿಸಿದವಳು ಬೇಗ ತಲೆ ಎತ್ತಲಿಲ್ಲ.

"ಇಂಥಾ ಚಳೀಲಿ ನಿಮ್ಮನ್ನ ಓಡಾಡಿಸೋ ಹಾಗಾಯ್ತು. ಒಳಗೆ ಬನ್ನಿ. ಏನಪ್ಪಾ ಕಿಡೊ, ಕಿವಿ ಟೊಮೇಟೊ ಆಗಿದೆ, ಟೋಪಿ ಹಾಕ್ಕೊಳೋಕೆ ಸರ್ಕಾರ ಬಿಡಲ್ವಾ?"

"ಹಾಕ್ಕೊಂಡ್ರೆ ಕಳ್ಳನ ಥರ ಕಾಣ್ತೀನಂತೆ ಅಜ್ಜಿ."

"ಹಾಕ್ಕೊಳ್ದೇನೂ ಹಾಗೇ ಕಾಣ್ತೀಯ."

ಬೂಟು ಬಿಚ್ಚುವ ಜಾಗದ ಪಕ್ಕದಲ್ಲೇ ಒಂದು ತಣ್ಣನೆಯ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಮೊಗಾಮಿ ಬೂಟಿನ ದಾರ ಬಿಚ್ಚುತ್ತಲೇ ಒಳಗೆ ನೋಡಿದಳು. ಹಲಗೆಯ ಮೇಲೆ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಗಾಡಿಯ ಒಡೆಯನ ಹೆಸರು. ತುದಿಯಲ್ಲಿದ್ದ ಒಂದಕ್ಕೆ ಚಾರ್ಜರಿನ ತಂತಿ ಸಿಕ್ಕಿಸಿತ್ತು.

"ಇಲ್ಲಿ ಒಲೆ ಯಾಕಿಲ್ಲ?" ಮೊಗಾಮಿ ಕೇಳಿದಳು.

"ಬ್ಯಾಟರಿಗೆ ಬಿಸಿ ಆಗಲ್ಲ. ಬೆಚ್ಚಗಿದ್ರೆ ತಾನಾಗೇ ಬೇಗ ಇಳಿದುಹೋಗುತ್ತೆ. ನೀರು ಕಟ್ಟದಷ್ಟು ತಂಪಿದ್ರೆ ಸಾಕು. ಒರೆಸಿ, ಒಳಗಿನ ನೀರು ನೋಡಿ, ಕಡಿಮೆಯಿದ್ರೆ ಹುಯ್ದು, ಸರದಿ ಮೇಲೆ ಒಂದೊಂದಕ್ಕೂ ಕರೆಂಟು ಕುಡಿಸ್ತೀನಿ. ಬಿಚ್ಚಿಟ್ಟು ಮರೆತ್ರೂ ಸಾಯುತ್ತೆ. ಅದಕ್ಕೂ ಆಗಾಗ ಹೋಗಿ ಮಾತಾಡಿಸಬೇಕು."

ಕೊನೆಯ ಮಾತಿಗೆ ಅವಳೇ ತುಟಿ ಕಚ್ಚಿಕೊಂಡಳು.

ಸಾಲಿನ ನಡುವೆ ಒಂದು ಪಟ್ಟಿಯ ಮೇಲೆ ಸುನಾಗಾವಾ ಅಂತ ಬರೆದಿತ್ತು. ಪೆಟ್ಟಿಗೆ ಹೊಳೆಯುತ್ತಿತ್ತು. ಮೊಗಾಮಿ ನೋಡಿದಳು. ಅವಳು ನೋಡಿದ್ದನ್ನು ಫುಮಿ ನೋಡಿದಳು. ಮೂವರೂ ಒಳಗೆ ಹೋದರು.

ಚಹಾ ಬಂತು. ಮೂಲಂಗಿಗೆ ಮೀನು ಸೇರಿಸಿ ಹಾಕಿದ ಉಪ್ಪಿನಕಾಯಿ ಬಂತು. ಫುಮಿ ಚಳಿಯ ಬಗ್ಗೆ ಮಾತಾಡಿದಳು. ಬೀಜದ ಈರುಳ್ಳಿಯ ಬಗ್ಗೆ ಮಾತಾಡಿದಳು. ಮತ್ತೆ ಚಳಿಗೇ ಬಂದಳು.

"ಮೇಷ್ಟ್ರ ಬ್ಯಾಟರಿ ನಿಮ್ಮ ಮನೇಲಿದೆ," ಅಂದಳು ಮೊಗಾಮಿ. "ಅವರ ಗಾಡೀಲಿ ನಿಮ್ಮ ಟ್ರ್ಯಾಕ್ಟರಿಂದು ಒಡೆದು ಕೂತಿದೆ. ಕಾಮಾದಾ ಸಾನ್, ಅಲ್ಲಿಗೆ ಅದು ನಡ್ಕೊಂಡು ಹೋಯ್ತಾ?"

ಫುಮಿ ಲೋಟವನ್ನು ಕೆಳಗಿಟ್ಟಳು. ಇಡುವಾಗ ಸದ್ದಾಗಬಾರದು ಅಂತ ಕಿರುಬೆರಳನ್ನು ಅಡಿಗೆ ಕೊಟ್ಟಳು.

"ನಾನೇ ಕೊಂದಿದ್ದು ಅಂತ ಬರ್ಕೊಳ್ಳಿ. ಬಟ್ಟೆ ಗಂಟು ಕಟ್ಟಿಟ್ಟಿದೀನಿ, ಬಾಗಿಲ ಹತ್ರ ಇದೆ. ಹೋಗೋಣ."

"ಹೋಗೋದು ಆಮೇಲೆ. ಮೇಷ್ಟ್ರು ಅಲ್ಲಿದಾರೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಫುಮಿ ಲೋಟದ ಅಂಚನ್ನು ಬೆರಳಲ್ಲಿ ಒರೆಸಿದಳು.

"ಮೊದಲ್ನೇ ಹಿಮ ಬಿದ್ದ ಬೆಳಿಗ್ಗೆ. ಗೋದಾಮಿಂದ ಆಚೆ ಹೋದ ಹೆಜ್ಜೆ ಇತ್ತು. ಒಳಗೆ ಬಂದ ಹೆಜ್ಜೆ ಇರಲಿಲ್ಲ."

ಕಿಡೊ ಬಾಯಿಗಿಡುತ್ತಿದ್ದ ಉಪ್ಪಿನಕಾಯಿಯನ್ನು ಮತ್ತೆ ತಟ್ಟೆಗಿಟ್ಟ.

"ಅವರಿಗೂ ಅದು ಹೊಳೀತು ಅಂತ ಕಾಣುತ್ತೆ. ಮಾರನೇ ದಿನದಿಂದ ಹೆಜ್ಜೆ ಮೇಲೆ ಪೊರಕೆ ಆಡಿಸೋಕೆ ಶುರು ಮಾಡಿದ್ರು. ಮೇಷ್ಟ್ರಿಗೆ ಎಲ್ಲಿ ಗುಡಿಸೋಕೆ ಬರಬೇಕು? ಜನ್ಮದಲ್ಲಿ ಪೊರಕೆ ಹಿಡಿದವರಲ್ಲ. ಗುಡಿಸಿದ ಗುರುತು ಹೆಜ್ಜೆಗಿಂತ ಚೆನ್ನಾಗಿ ಕಾಣೋದು."

"ನೀವೇನು ಮಾಡಿದ್ರಿ?"

"ಅದರ ಮೇಲೆ ನಾನು ಇನ್ನೊಂದು ಸಲ ಗುಡಿಸ್ತಿದ್ದೆ."

ಕಿಡೊಗೆ ನಗು ಬಂತು. ಬಂದ ನಗು ಮೂಗಿನಲ್ಲೇ ಸತ್ತಿತು. ಅವನು ಕಿಟಕಿಯ ಕಡೆ ತಿರುಗಿ ಕೂತ.

ಫುಮಿ ಹೇಳುತ್ತಾ ಹೋದಳು. ಗೋದಾಮಿಗೆ ಹೋಗುವಾಗ ದೂರದಿಂದಲೇ ಕೆಮ್ಮುತ್ತಿದ್ದಳು. ಅವಳ ಕೆಮ್ಮು ಕೇಳಿದರೆ ಒಳಗಿನ ದೀಪ ಆರುತ್ತಿತ್ತು. ಈರುಳ್ಳಿ ಗೋದಾಮಿನಲ್ಲಿ ಬೆಳಿಗ್ಗೆ ಹುರಿದ ಮೀನಿನ ವಾಸನೆ. ಅವಳು ಮೂಗಿಲ್ಲದವಳ ಹಾಗೆ ಓಡಾಡಿಕೊಂಡು ಬರುತ್ತಿದ್ದಳು. ಇಬ್ಬರ ನಡುವೆ ಹೀಗೊಂದು ಒಪ್ಪಂದ, ಒಬ್ಬರಿಗೊಬ್ಬರು ಮುಖ ತೋರಿಸದೆ ಮಾಡಿಕೊಂಡದ್ದು.

"ಆಮೇಲೆ ಬ್ಯಾಟರಿ ತೆಗೆಯೋ ಕಾಲ ಬಂತು," ಅಂದಳು. "ನೆಲ ಕಲ್ಲಾಗೋ ಮೊದಲು ಪ್ರತಿ ವರ್ಷ ಎಲ್ಲಾ ಗಾಡಿದೂ ತೆಗೀತೀನಿ. ಅದು ಮೇಷ್ಟ್ರಿಗೆ ಗೊತ್ತು. ಅವರದ್ದೊಂದು ಬಿಟ್ರೆ?"

"ಬಿಟ್ರೆ ಏನು?"

"ನನಗೆ ಗೊತ್ತು ಅಂತ ಅವರಿಗೆ ಗೊತ್ತಾಗುತ್ತಲ್ಲ."

"ಆಗ್ಲಿ ಅಂತೀನಿ."

"ಆದ್ರೆ ಅವರು ಅಲ್ಲಿ ಒಂದು ದಿನ ನಿಲ್ಲಲ್ಲ, ಮೊಗಾಮಿ ಸಾನ್. ಆ ಚಳೀಲಿ ಎಲ್ಲಿಗೆ ಹೋಗ್ತಾರೆ? ಅವರನ್ನ ಅಲ್ಲೇ ಇರಿಸಬೇಕು ಅಂತಲೇ ನಾನು ತೆಗೆದಿದ್ದು."

ಮೊಗಾಮಿ ಕಣ್ಣು ಕೆಳಗೆ ಹಾಕಿದಳು. ಅವಳಿಗೂ ಇದು ಅರ್ಥವಾಗುತ್ತಿತ್ತು. ಬೇರೆ ಊರಿನವರಿಗಾದರೆ ಹುಚ್ಚು ಅನಿಸುತ್ತಿತ್ತು. ಅರ್ಥವಾದದ್ದಕ್ಕೇ ಅವಳ ಕಿವಿಯ ತುದಿ ಬಿಸಿಯಾಯಿತು.

"ಹಿಂದಿನ ದಿನವೇ ಗೋದಾಮಲ್ಲಿ ನಿಂತ್ಕೊಂಡು ಸುಮ್ಮನೆ ಫೋನ್ ಕಿವಿಗಿಟ್ಟು ಗಟ್ಟಿಯಾಗಿ ಹೇಳಿದ್ದೆ, ನಾಳೆ ಮಧ್ಯಾಹ್ನ ಬ್ಯಾಟರಿ ತೆಗೀತೀನಿ ಅಂತ. ಆಚೆ ಕಡೆ ಯಾರೂ ಇರಲಿಲ್ಲ. ಅವರು ಅಷ್ಟು ಹೊತ್ತು ಎಲ್ಲಾದ್ರೂ ಹೋಗಿರ್ಲಿ ಅಂತ. ಆದ್ರೆ ಮಾರನೇ ದಿನ ಹಿಮಗಾಳಿ. ಎಲ್ಲಿಗೆ ಹೋಗ್ತಾರೆ?"

"ಒಳಗಿದ್ರು."

"ಗೂಡಿನ ಬಾಗಿಲು ತೆಗೆದೆ. ಮೇಲೆ ತೆಳ್ಳಗಿನ ಹಲಗೆ, ಹಲಗೆ ಮೇಲೆ ಹಾಸಿಗೆ. ಉಸಿರು ಬಿಗಿ ಹಿಡಿದಿದ್ದು ಗೊತ್ತಾಗ್ತಿತ್ತು. ಉಸಿರಾಡಿದ್ರೂ ಇಷ್ಟು ಚೆನ್ನಾಗಿ ಗೊತ್ತಾಗ್ತಿರಲಿಲ್ಲ." ಫುಮಿಯ ಬೆರಳುಗಳು ಮಡಿಲಲ್ಲಿ ಏನನ್ನೋ ತಿರುಗಿಸಿದವು. "ಮೈನಸ್ ತಂತಿ ಮೊದಲು ಬಿಚ್ಚಬೇಕು. ಬಿಚ್ಚಿದೆ. ಮೇಲೆ ಆ ಅಲಾರಂ ಒಂದೇ ಒಂದು ಸಲ ಪೀಕ್ ಅಂತು. ಆಮೇಲೆ ಸುಮ್ಮನಾಯ್ತು."

"ಅದೇನು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಎರಡನೇ ತಂತಿ ಬಿಚ್ಚಿದ್ರಿ."

"ಬಿಚ್ಚಿದೆ." ಅವಳು ತಲೆ ತಗ್ಗಿಸಿದಳು. ಕತ್ತಿನ ನರಗಳು ಕಾಣಿಸಿದವು. "ಸಂಜೆ ಅನ್ನ ಇಳೀಲಿಲ್ಲ. ಟ್ರ್ಯಾಕ್ಟರಿಂದು ತೆಗೆದು, ತುಂಬ ಕರೆಂಟು ಕುಡಿಸಿ, ಅವರ ಗಾಡಿ ಮೆಟ್ಟಿಲ ಹತ್ರ ಇಟ್ಟು ಬಂದೆ. ಯಾರೋ ಮರೆತು ಹೋದ ಹಾಗೆ. ಬೆಳಿಗ್ಗೆ ನೋಡಿದ್ರೆ ಅಲ್ಲಿರಲಿಲ್ಲ. ಒಳಗೆ ಹಾಕ್ಕೊಂಡಿದ್ರು. ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ?"

"ಅದು ಖಾಲಿ ಆಗೋವರೆಗೆ."

"ಹಳೇದು. ದೀಪ, ಅಲಾರಂ, ಫ್ಯಾನು, ಎಷ್ಟು ದಿನ ತಡೆಯುತ್ತೆ? ದೀಪ ಮಂಕಾಗ್ತಾ ಬಂದಿದ್ದು ಕಾಣ್ತಿತ್ತು. ಮತ್ತೆ ಆಚೆ ಇಡ್ತಾರೆ, ತಗೊಂಡು ಹೋಗಿ ತುಂಬಿಸಿ ತಂದಿಡ್ತೀನಿ ಅಂತ ದಿನಾ ಮೆಟ್ಟಿಲು ನೋಡ್ತಿದ್ದೆ. ಅವರು ಇಡಲಿಲ್ಲ. ಇಟ್ಟರೆ ಕೇಳಿದ ಹಾಗಾಗುತ್ತಲ್ಲ. ನಾನು ಕೇಳಲಿಲ್ಲ. ಕೇಳಿದ್ರೆ..."

"ಗೊತ್ತು ಅಂತಾಗುತ್ತೆ," ಅಂದಳು ಮೊಗಾಮಿ.

ಇಬ್ಬರು ದೊಡ್ಡ ಮನುಷ್ಯರು. ನಡುವೆ ಒಂದು ತೆಳ್ಳಗಿನ ಬಾಗಿಲು. ಬಾಗಿಲು ತಟ್ಟಿ, ಮೇಷ್ಟ್ರೇ ಬ್ಯಾಟರಿ ಕೊಡಿ, ಅಂದಿದ್ದರೆ ಇವತ್ತು ಆ ಮನುಷ್ಯ ಬದುಕಿರುತ್ತಿದ್ದ. ಆ ಮೂರು ಮಾತಿಗೆ ನಮ್ಮಲ್ಲಿ ಇಷ್ಟು ಬೆಲೆ ಇದೆ. ಮಾತಾಡಲಿಲ್ಲ, ಹೆಣ ಎತ್ತಿದೆವು. ಎತ್ತುವಾಗಲೂ ತಲೆ ಬಗ್ಗಿಸಿ, ಟೋಪಿ ತೆಗೆದು, ಯಾರಿಗೂ ತೊಂದರೆಯಾಗದ ಹಾಗೆ ಎತ್ತಿದೆವು.

ಫುಮಿ ಎದ್ದಳು. "ಹೋಗೋಣ. ಕತ್ತಲಾದ್ರೆ ರಸ್ತೆ ಜಾರುತ್ತೆ. ಕಿಡೊ ಗಾಡಿ ಓಡಿಸೋದು ನಾನು ನೋಡಿದೀನಿ."

ಕಿಡೊ ಏಳಲಿಲ್ಲ. ಮೊಗಾಮಿಯೂ ಏಳಲಿಲ್ಲ.

ಜೈಲಿಗೆ ಹೋಗಲು ಇಷ್ಟು ಅವಸರ ಯಾಕೆ? ತಪ್ಪು ಮಾಡಿದ್ದಕ್ಕೆ ಸಂಕಟ ಇರಬಹುದು. ಆದರೆ ಸಂಕಟಪಡುವವರು ಕೂತಲ್ಲೇ ಕುಸಿಯುತ್ತಾರೆ. ಬಾಗಿಲ ಕಡೆ ಹೀಗೆ ಹೆಜ್ಜೆ ಹಾಕುವವರು ಕೇಳಬಾರದ ಒಂದು ಪ್ರಶ್ನೆಯಿಂದ ಓಡುತ್ತಿರುತ್ತಾರೆ.

"ಕೂತ್ಕೊಳ್ಳಿ ಕಾಮಾದಾ ಸಾನ್. ಬ್ಯಾಟರಿ ತೆಗೆಯುವಾಗ ನೀವು ಬಾಯಿ ಮುಚ್ಕೊಂಡೇ ಇದ್ರಾ?"

"ಅಂದ್ರೆ?"

"ಬೇರೆಯವರ ಗಾಡಿಗೆ ಕೈ ಹಾಕ್ತಿದೀರ. ಗಾಡೀಲಿ ಯಾರೂ ಇಲ್ಲದಿದ್ರೂ ನಾನಾದ್ರೆ ಏನಾದ್ರೂ ಅಂದ್ಬಿಡ್ತೀನಿ."

"ಅಂದೆ. ತೊಂದರೆ ಕೊಡ್ತಾ ಇದೀನಿ, ಕ್ಷಮಿಸಿ, ಅಂತ. ಅಭ್ಯಾಸ. ಖಾಲಿ ಗಾಡಿಗೂ ಹೇಳ್ತೀನಿ."

"ಅದಕ್ಕೆ ಮೇಷ್ಟ್ರು ಏನೂ ಅನ್ನಲಿಲ್ಲ."

"ಮೇಷ್ಟ್ರು ಅನ್ನಲಿಲ್ಲ."

ಒಲೆಯ ಮೇಲಿನ ಕೆಟಲ್ ಕುದಿಯುತ್ತಿತ್ತು. ಫುಮಿ ಅದನ್ನು ಇಳಿಸಲಿಲ್ಲ.

"ಮತ್ತೆ ಯಾರು ಅಂದ್ರು?" ಮೊಗಾಮಿ ಮೆಲ್ಲಗೆ ಕೇಳಿದಳು.

ಫುಮಿ ಕೂತಳು.

"ಬಾಯ್ತಪ್ಪಿ ಬಂದಿದ್ದು," ಅಂದಳು. "ಅವರದ್ದೇನೂ ತಪ್ಪಿಲ್ಲ. ಯಾರಾದ್ರೂ ಹಾಗಂದ್ರೆ ನಾವೆಲ್ಲ ಏನಂತೀವಿ? ಪರವಾಗಿಲ್ಲ, ನಿಮಗೇ ಶ್ರಮ ಆಯ್ತು, ಅಂತೀವಿ. ನಿದ್ದೇಲಿ ಎಬ್ಬಿಸಿದ್ರೂ ಅಂತೀವಿ. ಹಲಗೆ ಮೇಲಿಂದ ಹಾಗೇ ಬಂತು. ಬಂದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಕೊಂಡಿದ್ದು ಕೇಳಿಸ್ತು."

"ಹೆಂಗಸು."

ಫುಮಿ ತನ್ನ ಲೋಟವನ್ನು ದೂರ ಸರಿಸಿದಳು.

"ಆ ಹೆಂಗಸಿಗೂ ಅಲಾರಂ ಪೀಕ್ ಅಂದಿದ್ದು ಕೇಳಿಸಿರುತ್ತೆ," ಅಂದಳು ಮೊಗಾಮಿ. "ಬ್ಯಾಟರಿ ಹೋದ್ರೆ ಅದೂ ಸಾಯುತ್ತೆ ಅಂತ ಅವಳಿಗೂ ಗೊತ್ತಿತ್ತು. ಮುಚ್ಚಿದ ಗಾಡೀಲಿ ಹೀಟರ್ ಹಚ್ಚಿ ಅವರನ್ನ ಮಲಗೋಕೆ ಬಿಟ್ಟವಳು ಯಾರು ಅಂತ ನನಗೆ ಬೇಕು. ನೀವು ದನಿ ಗುರುತು ಹಿಡಿದ್ರಿ."

"ನನ್ನ ಒಳಗೆ ಹಾಕಿ, ಮೊಗಾಮಿ ಸಾನ್."

"ಹೆಸರು ಹೇಳಿ."

"ಮೇಷ್ಟ್ರ ಮಾನ ನನ್ನಿಂದ ಹೋಯ್ತು. ಪೇಪರಲ್ಲೂ ಬಂತು. ಇನ್ನೊಬ್ಬರದ್ದೂ ನನ್ನ ಬಾಯಿಂದ ಹೋಗೋದು ಬೇಡ. ನಾನು ಮುದುಕಿ, ನನಗೆ ಇನ್ನೇನಾಗಬೇಕು? ಬ್ಯಾಟರಿ ತೆಗೆದಿದ್ದು ನಾನು. ಅಷ್ಟು ಸಾಲ್ದಾ?"

"ಸಾಲುತ್ತೆ. ನಿಮ್ಮನ್ನ ಕರ್ಕೊಂಡು ಹೋದ್ರೆ ಮೇಲಿನವರಿಗೆ ಖುಷಿ, ಕೇಸು ಮುಗೀತು. ನೀವು ಒಳಗೆ, ಅವಳು ಹೊರಗೆ. ಅದು ನಿಮಗೆ ಸರಿ ಕಾಣುತ್ತಾ?"

ಫುಮಿ ಬಾಯಿ ತೆರೆದಳು. ಮಾತು ಬರುವ ಮೊದಲು ಹೊರಗೆ ಕಂಬದ ಮೇಲಿನ ಧ್ವನಿವರ್ಧಕ ಕರಕರ ಅಂದಿತು. ಪುರಸಭೆಯ ಸಂಜೆಯ ಪ್ರಕಟಣೆ. ಹಿಮದ ಮೇಲೆ, ಛಾವಣಿಗಳ ಮೇಲೆ, ಊರಿಗೆ ಊರೇ ದಿನವೂ ಕೇಳುವ ಆ ಹೆಂಗಸಿನ ದನಿ, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಓದಿತು.

"ಎಲ್ಲರಿಗೂ ಸೂಚನೆ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಹೀಟರ್ ಬಳಸಬೇಡಿ. ಆಗಾಗ ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ."

ಕಿಡೊ ಕಿಟಕಿಯ ಗಾಜಿನ ಮೇಲೆ ಕಟ್ಟಿದ ಮಂಜನ್ನು ಅಂಗೈಯಲ್ಲಿ ಒರೆಸಿದ.

"ತೊಕಿಯೆ ಸಾನ್ ಇವತ್ತೂ ಕೆಲಸಕ್ಕೆ ಬಂದಿದಾರೆ," ಅಂದ. "ಗಂಡನ ಹೆಣ ಇನ್ನೂ ಆಸ್ಪತ್ರೇಲಿದೆ. ಈ ಪ್ರಕಟಣೇನ ಅವರ ಕೈಯಲ್ಲೇ ಓದಿಸ್ಬೇಕಾ? ಆದ್ರೂ ನೋಡಿ, ದನಿ ಒಂಚೂರು ನಡುಗ್ತಿಲ್ಲ."

ಅವನು ಕಿಟಕಿಯಿಂದ ಈಚೆ ತಿರುಗಿದ.

ಫುಮಿ ಎರಡೂ ಅಂಗೈಗಳನ್ನು ಚಾಪೆಗೆ ಊರಿ, ಹಣೆಯನ್ನು ನೆಲಕ್ಕೆ ಒತ್ತಿಕೊಂಡಿದ್ದಳು.

ಮೊಗಾಮಿ ಅವಳ ಪಕ್ಕಕ್ಕೆ ಸರಿದು ಮಂಡಿಯೂರಿದಳು. ಎಲೆ ಉದುರೋ ಕಾಲದಿಂದ ಗಂಡನ ಮುಖ ನೋಡಿಲ್ಲ ಅಂತ ತನ್ನೆದುರೇ ಕೂತು, ಕಣ್ಣೊರೆಸಿಕೊಂಡು ಹೇಳಿದ ಹೆಂಗಸಿನ ಮುಂದೆ ತಾನು ಎಷ್ಟು ಮರ್ಯಾದೆಯಿಂದ ತಲೆ ತಗ್ಗಿಸಿ ಎದ್ದು ಬಂದಿದ್ದಳು, ಒಂದು ಎರಡನೇ ಪ್ರಶ್ನೆಯನ್ನೂ ಕೇಳದೆ.

"ಈ ದನಿ ಅಲ್ಲ ಅಂತ ಹೇಳಿ, ಕಾಮಾದಾ ಸಾನ್. ಸುಮ್ಮನೆ ತಲೆ ಎತ್ತಿ ಅಲ್ಲ ಅನ್ನಿ. ನಾವು ಹೊರಡ್ತೀವಿ."

ಫುಮಿ ತಲೆ ಎತ್ತಲಿಲ್ಲ.

ಹೊರಗೆ ಆ ದನಿ, ಮತ್ತೊಮ್ಮೆ ಹೇಳುತ್ತೇನೆ, ಅಂದು ಸೂಚನೆಯನ್ನು ಮೊದಲಿಂದ ಓದತೊಡಗಿತು.